ತುಟಿ ಮುಂದ, ದನಿ ಹಿಂದ

ನನಗೊಂದು ಚಾಳಿ ಅಂಟಿಕೊಂಡಿದೆ. ಯಾರೇ ಮಾತಾಡಲಿ, ನಾನು ಅವರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತೇನೆ. ಶಹಾಪುರದ ಸಂತೆಯಲ್ಲಿ ಬದನೆಕಾಯಿ ಮಾರುವವಳು "ಇವತ್ತ ಮುಂಜಾನಿ ಕಿತ್ತಿದ್ದು ನೋಡ್ರಿ ಅಕ್ಕಾ" ಅಂದರೆ, ನಾನು ಬದನೆಕಾಯಿ ಬಿಟ್ಟು, "ಮುಂಜಾನಿ" ಅನ್ನುವಾಗ ಅವಳ ತುಟಿ ಕೂಡಿದವೋ ಇಲ್ಲವೋ ಅಂತ ನೋಡುತ್ತಿರುತ್ತೇನೆ. ಬ್ಯಾಂಕಿನವರು "ಸರ್ವರ್ ಬಂದ್ ಅದ ಮೇಡಂ" ಅಂದಾಗಲೂ ಅಷ್ಟೇ. ಪ, ಬ, ಮ. ಈ ಮೂರು ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಮುಚ್ಚದೆ ದನಿ ಬಂತೆಂದರೆ ಎಲ್ಲೋ ಏನೋ ಜಾರಿದೆ ಅಂತಲೇ ಅರ್ಥ.

"ನೀ ಹಿಂಗ ನೋಡಿದ್ರ ಮಂದಿ ಬಾಯಿಗೆ ಏನರ ಹತ್ಯಾದೇನಂತ ಒರಸ್ಕೊಳ್ಳಾಕತ್ತಾರ" ಅಂತ ನಮ್ಮ ಯಜಮಾನರು ಬೈಯುತ್ತಾರೆ. ಖರೇನೇ. ಮೊನ್ನೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ನನ್ನ ಜೊತೆ ಮಾತಾಡುತ್ತಾ ಆಡುತ್ತಾ ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು.

ಹುಟ್ಟಿನಿಂದಲೂ ನಾನು ಸ್ವಲ್ಪ ಶಕ್ಕಿನವಳೇ, ಎಲ್ಲದರ ಮೇಲೂ ಸಂಶಯ, ಅದನ್ನು ಒಪ್ಪುತ್ತೇನೆ. ನನ್ನ ತವರು ಸುರಪುರ. ನಮ್ಮ ಮನೆಯ ಮಾಳಿಗೆ ಹತ್ತಿದರೆ ಎದುರಿನ ಗುಡ್ಡದಲ್ಲಿ ಕಲ್ಲು ಒಡೆಯುವವರು ಕಾಣುತ್ತಿದ್ದರು. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಆ ಮನುಷ್ಯ ಸುತ್ತಿಗೆ ಎತ್ತಿ ಕಲ್ಲಿಗೆ ಹಾಕುತ್ತಿದ್ದ. ಸಪ್ಪಳವೇ ಇಲ್ಲ. ಅವನು ಸುತ್ತಿಗೆಯನ್ನು ಮತ್ತೆ ಮೇಲಕ್ಕೆ ಎತ್ತುವ ಹೊತ್ತಿಗೆ, ಗಾಳಿಯಲ್ಲಿ ಸುತ್ತಿಗೆ ಇರುವಾಗ, ಠಣ್ ಅಂತ ಕೇಳುತ್ತಿತ್ತು. ನಾನು ಬಹಳ ವಿಚಾರ ಮಾಡಿ ಒಂದು ತೀರ್ಮಾನಕ್ಕೆ ಬಂದೆ. ಬಂಡೆಯ ಹಿಂದೆ ಇನ್ನೊಬ್ಬ ಕುಳಿತಿದ್ದಾನೆ. ಇವನು ಹೊಡೆದಂಗೆ ಮಾಡುತ್ತಾನೆ, ನಿಜವಾಗಿ ಹೊಡೆಯುವವನು ಅವನು.

ಇದನ್ನು ನಮ್ಮ ಅಣ್ಣ ಮಲ್ಲಣ್ಣನಿಗೆ ಹೇಳಿದೆ. ಅವನು ನಗಲಿಲ್ಲ. ಗಂಭೀರವಾಗಿ, "ಹೌದು, ಅವನ ಹೆಸರು ಠಣಕಪ್ಪ. ಮಂದಿ ಕಂಡ್ರ ಅವಂಗ ನಾಚಿಕಿ. ಶೇಂಗಾ ಅಂದ್ರ ಭಾಳ ಸೇರತಾವ" ಅಂದ. ನಾನು ಲಂಗದ ಚುಂಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಹೋಗಿ ಗುಡ್ಡದ ಬುಡದ ಒಂದು ಬಂಡೆಯ ಮೇಲೆ ಇಟ್ಟು ಬರುತ್ತಿದ್ದೆ. ಮರುದಿನ ಹೋದರೆ ಬರೇ ಸಿಪ್ಪೆ. ಠಣಕಪ್ಪನ ಮೇಲೆ ನನಗೆ ಅಷ್ಟು ಅಕ್ಕರೆ ಬೆಳೆಯಿತು. ಮುಂದೆ ಶಾಲೆಯಲ್ಲಿ ಮಾಸ್ತರರು ಬೆಳಕು ಬೇಗ ಬರುತ್ತದೆ, ಸಪ್ಪಳ ತಡವಾಗಿ ಬರುತ್ತದೆ ಅಂತ ಪಾಠ ಮಾಡಿದಾಗ, ಪಾಪ, ಇವರಿಗೆ ಠಣಕಪ್ಪನ ವಿಷಯ ಗೊತ್ತಿಲ್ಲ ಅಂದುಕೊಂಡು ಸುಮ್ಮನೆ ಕುಳಿತಿದ್ದೆ. ಮಲ್ಲಣ್ಣನ ಬಾಯಿ ಯಾವಾಗಲೂ ಯಾಕೆ ಶೇಂಗಾ ವಾಸನೆ ಹೊಡೆಯುತ್ತಿತ್ತು ಎಂಬ ಸಂಶಯ ಬರಲು ಇನ್ನೂ ಕೆಲವು ವರ್ಷ ಬೇಕಾಯಿತು.

ಆದರೆ ಈ ತುಟಿ ನೋಡುವ ಚಾಳಿ ಅಷ್ಟು ಹಳೆಯದಲ್ಲ. ಅದು ಬಂದದ್ದು ಇತ್ತೀಚೆಗೆ, ಅದೇ ಮಲ್ಲಣ್ಣನ ಮಗಳು ಮಂಜುಳಾಳ ನಿಶ್ಚಯದ ವಿಡಿಯೊದಿಂದ.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ಎಲ್ಲ ಮಾಸ್ತರರೂ ಮನೆಯಲ್ಲೇ ಕುಳಿತು ವಿಡಿಯೊ ಪಾಠ ಮಾಡಬೇಕಾಯಿತಲ್ಲ, ಆಗ ನಾನೂ ಒಂದು ಸ್ಟ್ಯಾಂಡು, ಒಂದು ಚಿಕ್ಕ ರೆಕಾರ್ಡರು ತಂದುಕೊಂಡು, ಕಪ್ಪೆಯ ಹೃದಯ, ಮನುಷ್ಯನ ಮೂತ್ರಪಿಂಡ ಎಲ್ಲವನ್ನೂ ಅಡುಗೆಮನೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಹೇಳಿದೆ. ಕತ್ತರಿಸುವುದು, ಜೋಡಿಸುವುದು ಕಲಿತೆ. ಕೊರೊನಾ ಹೋಯಿತು, ಆ ಹುಚ್ಚು ಉಳಿಯಿತು. ಬಳಗದಲ್ಲಿ ಯಾರ ಮನೆಯಲ್ಲಿ ಏನೇ ಇದ್ದರೂ "ಟೀಚರ್ ಇದ್ದಾಳಲ್ಲ, ವಿಡಿಯೊ ಆಕೀನೇ ಮಾಡ್ತಾಳ" ಎನ್ನುವಂತಾಯಿತು. ನಾನೂ ಉಬ್ಬಿದ್ದೆ.

ಮಂಜುಳಾಳನ್ನು ನೋಡಿ ಒಪ್ಪಿದವರು ಯಾದಗಿರಿಯವರು. ಹುಡುಗ ವಿಶ್ವ ನಾರಾಯಣಪುರದ ಕಾಲುವೆ ಕಚೇರಿಯಲ್ಲಿ ನೌಕರಿಗೆ ಇದ್ದಾನೆ. ತಾಯಿ ಇದ್ದಾಳೆ, ಆದರೆ ಅವನನ್ನು ಸಾಕಿದ್ದು ತಾಯಿಯ ಅಕ್ಕ ಈರಮ್ಮ. ಅವನು ಹುಟ್ಟಿದ ವರ್ಷ ತಾಯಿ ಬಹಳ ದಿನ ಹಾಸಿಗೆ ಹಿಡಿದಿದ್ದಳಂತೆ, ಅವತ್ತಿನಿಂದ ಮಗು ಈರಮ್ಮನ ತೊಡೆಗೆ ಬಂತು, ಅಲ್ಲೇ ಬೆಳೆಯಿತು. ಈರಮ್ಮ ಯಾದಗಿರಿಯಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಮಾತು ಕಡಿಮೆ. ಕಡಿಮೆ ಯಾಕೆಂದರೆ ಆಕೆಗೆ ತೊದಲು ಇದೆ. ಕೆಲವು ಅಕ್ಷರಗಳಿಗೆ ತುಟಿ ಕಚ್ಚಿಕೊಂಡು ನಿಂತುಬಿಡುತ್ತವೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ನಕ್ಕರಂತ ಶಾಲೆ ಬಿಟ್ಟಳಂತೆ. ಮಂದಿ ಕೂಡಿದಲ್ಲಿ ಆಕೆ ಬಾಯಿ ತೆರೆದದ್ದನ್ನು ಯಾರೂ ನೋಡಿರಲಿಲ್ಲ. ನಿಶ್ಚಯದ ದಿನ ಮಾತ್ರ ತಾನೇ ಎದ್ದು ನಿಂತು, ಎಲ್ಲರ ಮುಂದೆ ಸೊಸೆಗೆ ನಾಲ್ಕು ಮಾತು ಹೇಳಿ ಹರಸುತ್ತೇನೆ ಅಂದಿದ್ದಳು.

ಅವತ್ತು ನನ್ನ ಫೋನಿನ ಕಿವಿ ಕೆಟ್ಟಿತ್ತು. ಅಂದರೆ ವಿಡಿಯೊ ತೆಗೆಯುವಾಗಿನ ಮೈಕು, ಫೋನಿನಲ್ಲಿ ಮಾತಾಡಲು ಅಡ್ಡಿ ಇರಲಿಲ್ಲ. ಚಿತ್ರ ಚೆನ್ನಾಗಿಯೇ ಬರುತ್ತಿತ್ತು, ಆದರೆ ದನಿ ಒಂದು ಚೂರೂ ಹಿಡಿಯುತ್ತಿರಲಿಲ್ಲ. ಅದಕ್ಕೇ ನಾನು ಪಾಠದ ಹಳೆಯ ರೆಕಾರ್ಡರನ್ನು ಪೂಜೆ ಮಾಡಿಸುವ ಅಯ್ಯನವರ ಮಗ್ಗುಲಲ್ಲಿ ಇಟ್ಟು, ಚಿತ್ರ ಬೇರೆ, ದನಿ ಬೇರೆ ತೆಗೆದೆ. ಆಮೇಲೆ ಎರಡನ್ನೂ ಕೂಡಿಸಿದರಾಯಿತು. ಮೊದಲಿಗೆ ಅಯ್ಯನವರು ಕಾಯಿ ಒಡೆದರು. ಚಿತ್ರದಲ್ಲಿ ಕಾಯಿ ಎರಡು ಹೋಳಾಗುವ ಜಾಗಕ್ಕೆ, ದನಿಯಲ್ಲಿ ಫಟ್ ಅನ್ನುವುದನ್ನು ಹಚ್ಚಿದೆ. ತುಟಿಗೂ ದನಿಗೂ ಬರೋಬ್ಬರಿ ಕೂತಿತು. ಸ್ವಲ್ಪ ಹೊತ್ತು ನೋಡಿದೆ, ಎಲ್ಲ ಸರಿಯಾಗಿತ್ತು. ಮಧ್ಯದಲ್ಲೊಂದು ಕಡೆ ನಮ್ಮ ಯಜಮಾನರು ಮೂಲೆಯಲ್ಲಿ ನಿಂತು ಅಯ್ಯನವರ ಮಂತ್ರಕ್ಕೆ ತಾವೂ ತುಟಿ ಆಡಿಸುವುದು ಕಂಡು ಖುಷಿಯಾಯಿತು. ಮದುವೆಯಾದಾಗಿನಿಂದ ಅವರು ದೇವರ ಹೆಸರು ಹೇಳಿದ್ದು ನಾನು ಕೇಳಿರಲಿಲ್ಲ. ಆ ಖುಷಿಯಲ್ಲೇ ಉಳಿದದ್ದನ್ನು ಪೂರ್ತಿ ನೋಡದೆ ಎರಡೂ ಕಡೆಯ ಬಳಗಕ್ಕೆ ವಿಡಿಯೊ ಕಳಿಸಿಬಿಟ್ಟೆ.

ಮರುದಿನ ಮಲ್ಲಣ್ಣನ ಫೋನು ಬಂತು.

"ತಂಗಿ, ಏನ್ ಮಾಡಿಟ್ಟಿ ನೀ? ಈರಮ್ಮ ಮದುವಿಗೆ ಬರಂಗಿಲ್ಲಂತ."

"ಯಾಕ?"

"ಆಕಿ ಮಾತಾಡುವಾಗ ನಮ್ಮ ಮನಿ ಮಂದಿ ನಕ್ಕೀವಂತ. ವಿಡಿಯೊದಾಗ ಅದಂತ. ನೀನ ನೋಡು."

ನೋಡಿದೆ. ಈರಮ್ಮ ಎದ್ದು ನಿಲ್ಲುತ್ತಾಳೆ. ಸೆರಗು ಸರಿಮಾಡಿಕೊಳ್ಳುತ್ತಾಳೆ. ಹುಡುಗಿಯ ಗಲ್ಲ ಹಿಡಿದು ಮಂಜುಳಾ ಅನ್ನಬೇಕು, ಆ "ಮ"ದ ಮೇಲೆ ತುಟಿ ಮುಚ್ಚಿ ಹಾಗೇ ನಿಂತುಬಿಡುತ್ತವೆ. ಕಣ್ಣು ಮುಚ್ಚಿಕೊಂಡು ತಿಣುಕುತ್ತಾಳೆ. ಸರಿಯಾಗಿ ಅದೇ ಗಳಿಗೆಗೆ, ಇಡೀ ಮನೆ ಗೊಳ್ಳೆಂದು ನಗುತ್ತದೆ. ಆಕೆ ಮಾತು ಮುಗಿಸಿ ಕುಳಿತ ಮೇಲೆ ಆಕೆಯ ದನಿ, ಖಾಲಿ ಜಾಗದ ಮೇಲೆ, ಯಾರದೋ ಎಂಬಂತೆ ಬರುತ್ತದೆ.

ದನಿ ಚಿತ್ರಕ್ಕಿಂತ ಹಿಂದೆ ಬಿದ್ದಿತ್ತು. ಮೊದಲಿಗೆ ಸರಿಯಿದ್ದದ್ದು ಬರುಬರುತ್ತ ಜಾರಿ ಜಾರಿ, ಮೊದಲಿನ ಯಾವುದೋ ನಗೆ ಬಂದು ಆ ಹೆಂಗಸಿನ ಮುಖದ ಮೇಲೆ ಬಿದ್ದಿತ್ತು.

ಇದನ್ನು ಎಲ್ಲರಿಗೂ ಹೇಳಿದರೆ ಮುಗಿಯಿತು ಅಂದುಕೊಂಡೆ. ಅಂದು ಅಲ್ಲಿ ಇಷ್ಟು ಜನ ಇದ್ದೆವು, ಯಾರೂ ನಗಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಲ್ಲ. ಆದರೆ ವಿಚಿತ್ರ ಆದದ್ದು ಇಲ್ಲಿ. ಅತ್ತಿಗೆಗೆ ಫೋನು ಮಾಡಿ, "ಅವತ್ತ ಈರಮ್ಮ ಮಾತಾಡುವಾಗ ಯಾರರ ನಕ್ಕಿದ್ರೇನು?" ಅಂತ ಕೇಳಿದೆ.

"ಇಲ್ಲಪ್ಪ" ಅಂದಳು ಮೊದಲು. ತುಸು ತಡೆದು, "ಆದ್ರ ವಿಡಿಯೊ ನೋಡಿದ ಮ್ಯಾಲ, ಯಾರೋ ನಕ್ಕಂಗ ನೆನಪಾಗಾಕತ್ಯಾದ. ನಿನ್ನ ಮಗ್ಗಲಿಂದಾನ ಬಂತೇನೋ" ಅಂದಳು.

ಅಣ್ಣನಿಗೆ ಅತ್ತಿಗೆಯ ತವರಿನವರ ಮೇಲೆ ಶಕ್ಕು. ಅತ್ತಿಗೆಗೆ ನಮ್ಮ ಮೇಲೆ. ಮಂಜುಳಾ ಮಾತ್ರ, "ಅತ್ತಿ, ನನ್ನ ಗಲ್ಲ ಹಿಡದಿದ್ರು ಅವರು. ಯಾರೂ ನಗಲಿಲ್ಲ" ಅಂದಳು. ಆದರೆ ನಾಲ್ಕು ದಿನ ಬಿಟ್ಟು ಆಕೆಯೂ, "ಯಾರೂ ನಗಲಿಲ್ಲ ಅನಸ್ತದ" ಎನ್ನತೊಡಗಿದಳು. ಆ "ಅನಸ್ತದ" ಕೇಳಿ ನನಗೆ ಹೆದರಿಕೆಯಾಯಿತು. ಕಣ್ಣಾರೆ ಕಂಡವರೆಲ್ಲ ತಮ್ಮ ಕಣ್ಣು ಬಿಟ್ಟು ನನ್ನ ಕೆಟ್ಟ ವಿಡಿಯೊವನ್ನೇ ನಂಬತೊಡಗಿದ್ದರು. ನನಗೂ ನನ್ನ ಮೇಲೆ ಸಂಶಯ. ಆಗ ನಾನು ಎಲ್ಲಿ ನೋಡುತ್ತಿದ್ದೆ? ಫೋನಿನ ಬ್ಯಾಟರಿ ಕಡೆ ನೋಡುತ್ತಿದ್ದ ನೆನಪು. ನಗೆ ಕೇಳಿದ್ದು ನೆನಪಿತ್ತು. ಆದರೆ ಅದು ಈರಮ್ಮ ಏಳುವ ಮೊದಲೋ, ಎದ್ದ ಮೇಲೋ?

ರವಿವಾರ ಮಧ್ಯಾಹ್ನ ಊಟ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಸುಲಭ ಅಂದುಕೊಂಡಿದ್ದೆ. ದನಿಯನ್ನು ಮುಂದಕ್ಕೆ ಎಳೆದೆ. ಈರಮ್ಮನ ಹತ್ತಿರ ಸರಿಯಾಯಿತು, ಆದರೆ ಮೊದಲಿನ ಕಾಯಿ ಒಡೆಯುವುದಕ್ಕೆ ಮುಂಚೆಯೇ ಫಟ್ ಅಂತು. ಕಾಯಿಗೆ ಸರಿ ಮಾಡಿದರೆ ಈರಮ್ಮನ ಮೇಲೆ ನಗೆ. ದನಿಯನ್ನೇ ಪೂರ್ತಿ ಸ್ವಲ್ಪ ಕುಗ್ಗಿಸಿ ಎರಡೂ ತುದಿಗೆ ಕೂಡಿಸಿದೆ. ತುದಿಗಳು ಕೂತವು, ನಡುವೆ ಕೆಟ್ಟಿತು. ಅಯ್ಯನವರ ತುಟಿ ಇನ್ನೂ ಮಂತ್ರ ಹೇಳುತ್ತಿರುವಾಗಲೇ, ಮಂತ್ರ ಮುಗಿಸಿ ಅವರು ಆಕಳಿಸಿದ್ದು ಕೇಳುತ್ತಿತ್ತು. ಒಂದೇ ಸಮನೆ ಜಾರಿದ್ದರೆ ಹೀಗಾಗಬಾರದು. ಎಲ್ಲೋ ಒಂದು ಜಾಗದಿಂದ ಜಾರಲು ಸುರುವಾಗಿರಬೇಕು.

ನನಗೆ ಮೊದಲು ರೆಕಾರ್ಡರಿನ ಮೇಲೆ ಶಕ್ಕು ಬಂತು, ಹಳೆಯದು ಅಂತ. ಅದನ್ನು ಗಡಿಯಾರದ ಮುಂದೆ ಇಟ್ಟು ಟಿಕ್ ಟಿಕ್ ಕೇಳಿಸಿದೆ, ಅದರ ತಪ್ಪಿರಲಿಲ್ಲ. ಆಮೇಲೆ ಜೋಡಿಸುವ ಪ್ರೋಗ್ರಾಮಿನ ಮೇಲೆ. ಕಡೆಗೆ ಚಿತ್ರವನ್ನು ಒಂದೊಂದೇ ಚೂರು ಮುಂದೆ ತಳ್ಳುತ್ತಾ ಕುಳಿತೆ. ಎಲ್ಲಿಂದ ತುಟಿ ಮುಂದಾಯಿತು, ಎಲ್ಲಿಂದ ದನಿ ಹಿಂದಾಯಿತು. ಪ, ಬ, ಮ. ಅವತ್ತಿನಿಂದಲೇ ಈ ಚಾಳಿ ಹತ್ತಿದ್ದು.

ಸಿಕ್ಕಿತು. ಅತ್ತಿಗೆ ಹಾಲಿನ ತಟ್ಟೆ ಹಿಡಿದು ಬರುವಾಗ ಮನೆಯೊಳಗೆ ಬೆಳಕು ಒಮ್ಮೆಲೇ ಮಂಕಾಗುತ್ತದೆ. ಕರೆಂಟು ಹೋಗಿತ್ತು. ಇನ್ವರ್ಟರಿನ ಒಂದೇ ದೀಪ. ಅಲ್ಲಿಯ ತನಕ ಎಲ್ಲ ಸರಿ, ಅಲ್ಲಿಂದ ಮುಂದೆ ಜಾರಲು ಸುರು. ಹುಡುಕಿ ಓದಿದ ಮೇಲೆ ತಿಳಿಯಿತು. ಬೆಳಕು ಕಡಿಮೆಯಾದರೆ ಫೋನು ತನ್ನಷ್ಟಕ್ಕೆ ತಾನೇ ನಿಧಾನ ಮಾಡುತ್ತದೆ, ಕ್ಷಣಕ್ಕೆ ತೆಗೆಯುವ ಚಿತ್ರಗಳ ಸಂಖ್ಯೆ ಇಳಿಸುತ್ತದೆ. ಜೋಡಿಸುವ ಪ್ರೋಗ್ರಾಮಿಗೆ ಅದು ಗೊತ್ತಿಲ್ಲ. ಎಲ್ಲ ಚಿತ್ರಗಳೂ ಒಂದೇ ವೇಗದಲ್ಲಿ ಬಂದವೆಂದು ತಿಳಿದು ಓಡಿಸುತ್ತದೆ. ಕಡಿಮೆ ಚಿತ್ರ ಬೇಗ ಮುಗಿಯುತ್ತವೆ, ದನಿ ಹಿಂದೆ ಉಳಿಯುತ್ತದೆ. ಮದ್ದೂ ಅದರಲ್ಲೇ ಇತ್ತು. ಮೊದಲು ಚಿತ್ರವನ್ನು ಉದ್ದಕ್ಕೂ ಒಂದೇ ವೇಗಕ್ಕೆ ತಂದು, ಆಮೇಲೆ ದನಿ ಹಚ್ಚಬೇಕು. ಹಾಗೇ ಮಾಡಿದೆ. ಕಾಯಿಗೆ ಹಚ್ಚಿದೆ. ಕೊನೆಯಲ್ಲಿ ಅತ್ತಿಗೆಯ ಕೈಯಿಂದ ತಾಟು ಬಿದ್ದದ್ದು, ಅದರ ಸಪ್ಪಳ, ಎರಡೂ ತಾವಾಗಿಯೇ ಒಂದೇ ಜಾಗಕ್ಕೆ ಬಂದವು. ಈರಮ್ಮ ಎದ್ದು ನಿಂತು "ಮ"ದ ಮೇಲೆ ತಡೆದಾಗ ಮನೆಯೆಲ್ಲ ಮೌನ. ಅಷ್ಟು ನೋಡಿ ಅವಸರದಲ್ಲಿ ಕಳಿಸಿದೆ. ಗೆದ್ದೆ ಅಂದುಕೊಂಡೆ.

ಯಾದಗಿರಿಯಿಂದ ವಿಶ್ವನ ಫೋನು ಬಂತು. ಪಾಪದ ಹುಡುಗ, ದನಿ ಸಣ್ಣದಾಗಿತ್ತು.

"ಮೇಡಂ, ದೊಡವ್ವ ನಂಬವಲ್ಲಳ್ರಿ. ಮೊದಲಿಂದು ಖರೇದು, ಇದು ಮಾಡಿದ್ದು ಅಂತಾಳ. ನೀವು ತಿದ್ದೀರಂತ."

"ತಿದ್ದೀನಿ ಖರೇ. ತಪ್ಪಾಗಿತ್ತು, ಅದನ್ನ ತಿದ್ದೀನಿ."

"ಅದನ್ನ ಹೇಳಿದೆನ್ರಿ. ತಿದ್ದಾಕ ಬರೋರಿಗೆ ಕೆಡಸಾಕ ಬರಂಗಿಲ್ಲೇನು ಅಂದ್ಲು." ಆಮೇಲೆ ಹೇಳಿದ, "ಆಕಿ ಬರಲಿಲ್ಲಂದ್ರ ನಾ ಹೆಂಗ ಮದುವಿ ಆಗ್ಲಿ ಮೇಡಂ?"

ಮರುದಿನ ರಜೆ ಹಾಕಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಯಾದಗಿರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎದುರಿನ ಸೀಟಿನ ಹೆಂಗಸರಿಬ್ಬರು ಮಾತಾಡುವುದನ್ನು ನೋಡುತ್ತಾ ಹೋದೆ. ಬಸ್ಸಿನ ಗದ್ದಲದಲ್ಲಿ ದನಿ ಕೇಳುತ್ತಿರಲಿಲ್ಲ, ಬರೇ ತುಟಿ. ನನ್ನ ಬಗ್ಗೆಯೇ ಏನೋ ಅನ್ನುತ್ತಿದ್ದಾರೆ ಅನಿಸಿತು.

ಈರಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ನರೆತ ಕೂದಲು, ಮೊಣಕೈ ತನಕ ಜೋಳದ ಹಿಟ್ಟು. ನನ್ನನ್ನು ನೋಡಿ ಏಳಲಿಲ್ಲ. "ಕೂಡ್ರಿ" ಅಂದಳು ಅಷ್ಟೇ. ನಾನು ಮಣೆಯ ಮೇಲೆ ಕೂತೆ. ರೊಟ್ಟಿಯ ಮೇಲೆ ಅಂಗೈ ಬೀಳುವುದು, ಸಪ್ಪಳ ಬರುವುದು, ಎರಡೂ ಸರಿಯಾಗಿ ಕೂಡುತ್ತಿದ್ದವು. ಅದನ್ನೂ ಪರೀಕ್ಷೆ ಮಾಡಿದೆ ಅಂದರೆ ನನ್ನ ಸ್ಥಿತಿ ನಿಮಗೆ ತಿಳಿಯುತ್ತದೆ.

ನಾನು ಕರೆಂಟು, ಇನ್ವರ್ಟರು, ಚಿತ್ರದ ವೇಗ ಎಲ್ಲ ಹೇಳಿದೆ. ಕ್ಲಾಸಿನಲ್ಲಿ ಹೇಳುವಂತೆ ಕೈ ಆಡಿಸಿ ಹೇಳಿದೆ. ಆಕೆ ಹೆಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಮಗುಚಿ, ಎಲ್ಲ ಕೇಳಿದ ಮೇಲೆ ನಿಧಾನವಾಗಿ ಮಾತಾಡಿದಳು. ಕೆಲವು ಕಡೆ ನಿಂತಳು. ನಿಂತಲ್ಲೆಲ್ಲ ನಾನು ಕಾದೆ.

"ಟೀಚರಮ್ಮ, ನಿಮ್ಮ ಕೈಯಾಗ ನಗಿ ಸರಸೂದು ಅದ ಅಂತೀರಿ. ಹಂಗಂದ್ರ ಅದನ್ನ ಮೊದಲ ನನ್ನ ಮ್ಯಾಲ ತಂದು ಇಟ್ಟವರೂ ನೀವೇ ಯಾಕ ಆಗಿರಬಾರ್ದು?"

"ನಾ ಯಾಕ ಹಂಗ ಮಾಡ್ಲಿ ಈರಮ್ಮ?"

"ಅದು ನನಗ ಗೊತ್ತಿಲ್ಲ. ನಗೋರು ಯಾಕ ನಗ್ತಾರ ಅಂತ ಸಣ್ಣಾಕಿ ಇದ್ದಾಗಿಂದ ನನಗ ಗೊತ್ತಾಗಿಲ್ಲ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನಾನು ಲ್ಯಾಪ್‌ಟಾಪ್ ತೆಗೆದು, ಒಂದೇ ವೇಗಕ್ಕೆ ತಂದ ಚಿತ್ರವನ್ನು ಆಕೆಯ ಮುಂದಿಟ್ಟೆ. "ಹಂಗಾದ್ರ ನಾ ಮುಟ್ಟೂದಿಲ್ಲ. ಮ್ಯಾಲಿಂದು ಚಿತ್ರ, ಕೆಳಗಿಂದು ದನಿ. ಎರಡೂ ಬಿಡಿ ಬಿಡಿ ಅವ. ನೀವೇ ಕೂಡಸ್ರಿ" ಅಂದೆ.

ಆಕೆ ನನ್ನ ಮುಖ ನೋಡಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ಅವತ್ತು ಮನೆಯಲ್ಲೇ ಇದ್ದ ವಿಶ್ವ ಬೆರಳು ಹೇಗೆ ಎಳೆಯಬೇಕೆಂದು ತೋರಿಸಿದ. ಕಾಯಿ ಒಡೆಯುವ ಜಾಗ ತೋರಿಸಿ, ಇಲ್ಲಿಗೆ ಹಚ್ಚಿರಿ ಅಂದೆ.

"ಕಾಯಿ ಬ್ಯಾಡ" ಅಂದಳು. "ಎಲ್ಲಾ ಕಾಯೀನೂ ಒಂದೇ ಸಪ್ಪಳ ಮಾಡ್ತಾವ. ನನ್ನ ತುಟಿ ತೋರಸ್ರಿ."

ಚಿತ್ರದಲ್ಲಿ ಆಕೆ ಎದ್ದು ನಿಂತ ಜಾಗಕ್ಕೆ ಹೋದೆವು. ಮುಚ್ಚಿದ ತುಟಿ, ಮುಚ್ಚಿದ ಕಣ್ಣು. ಆಕೆ ಅದನ್ನು ಬಹಳ ಹೊತ್ತು ನೋಡಿದಳು. ತನ್ನ ಮುಖವನ್ನು ಅಂಥ ಗಳಿಗೆಯಲ್ಲಿ ಆಕೆ ಹಿಂದೆಂದೂ ನೋಡಿರಲಿಕ್ಕಿಲ್ಲ. ಆಮೇಲೆ ವಿಶ್ವನಿಗೆ, ದನಿಯನ್ನು ಬೇರೆಯಾಗಿ ಕೇಳಿಸು ಅಂದಳು. ಮಂತ್ರ, ಗುಸುಗುಸು, ನಗೆ, ಬಳೆಯ ಸಪ್ಪಳ, ಆಮೇಲೆ ಮೌನ.

"ನಿಲ್ಲಸು" ಅಂದಳು. "ಹಿಂದ ಹೋಗು. ದನಿ ಏರಸು."

ಮೌನ ಅಂದುಕೊಂಡಿದ್ದೆನಲ್ಲ, ಅದರೊಳಗೆ ಒಂದು ಸಣ್ಣ ಗುಂಯ್ ಇತ್ತು. ನಾನು ಅದನ್ನು ಮೊದಲೂ ಕೇಳಿದ್ದೆ, ಇನ್ವರ್ಟರಿನದು ಅಂದುಕೊಂಡಿದ್ದೆ.

"ಇದು ನಾ" ಅಂದಳು ಈರಮ್ಮ. "ಮ ಅನ್ನಾಕತ್ತೀನಿ ನೋಡ್ರಿ ಒಳಗ. ಹೊರಗ ಬರವಲ್ದು."

ಆ ಗುಂಯ್ ಸುರುವಾಗುವ ಜಾಗವನ್ನು ಆಕೆ ತನ್ನ ಬೆರಳಿನಿಂದಲೇ ಎಳೆದು ತಂದು ತನ್ನ ತುಟಿ ಮುಚ್ಚುವ ಜಾಗಕ್ಕೆ ಇಟ್ಟಳು. ತುಸು ಆಚೆ, ತುಸು ಈಚೆ. ಒಪ್ಪಿಗೆಯಾದ ಮೇಲೆ, ಈಗ ಮೊದಲಿಂದ ನಡೆಸು ಅಂದಳು. ಕಾಯಿ ತಾನಾಗಿಯೇ ಫಟ್ ಎಂದು ಸರಿಯಾಗಿ ಒಡೆಯಿತು. ನಾನು ಮಣೆಯನ್ನು ತುಸು ಹಿಂದಕ್ಕೆ ಸರಿಸಿ ಕೂತೆ.

ಈರಮ್ಮ ಮಾತ್ರ ಪರದೆಗೆ ಮೂಗು ಹಚ್ಚುವಷ್ಟು ಹತ್ತಿರ ಕೂತಿದ್ದಳು. ಯಾರು ನಕ್ಕರು, ಯಾಕೆ ನಕ್ಕರು ಎನ್ನುವುದನ್ನು ಹಿಡಿಯದೆ ಬಿಡುವಂತಿರಲಿಲ್ಲ. ನಗೆ ಬಂತು. ಅದು ಬಂದದ್ದು ಆಕೆ ಏಳುವ ಮೊದಲು.

"ಇವರು ಯಾರು?" ಅಂತ ಮೂಲೆಯ ಒಂದು ಮುಖಕ್ಕೆ ಬೆರಳಿಟ್ಟಳು. "ಇವರು ಬಾಯಿ ತಗದ ಕೂಡ್ಲೇ ಎಲ್ಲಾರೂ ನಗಾಕತ್ತಾರ."

"ನಮ್ಮ ಯಜಮಾನ್ರು" ಅಂದೆ. "ಮಂತ್ರ ಹೇಳಾಕತ್ತಾರ."

ಅಷ್ಟು ಹೇಳುವಾಗಲೇ ನನಗೆ ಹೊಳೆಯಿತು. ಮಂತ್ರ ಆಗಲೇ ಮುಗಿದಿತ್ತು. ವಿಶ್ವ ಹಿಂದೆ ಒಯ್ದು ದನಿ ಏರಿಸಿದ. ಮೂಲೆಯಿಂದ, ಮೆಲ್ಲಗೆ, ಆದರೆ ಸ್ಪಷ್ಟವಾಗಿ ನಮ್ಮ ಯಜಮಾನರ ದನಿ ಬಂತು. ದನಿ ಅವರದು, ರಾಗ ನನ್ನದು. "ಹಿಂದಿನ ಬೆಂಚಿನವರು ಮುಂದ ಬರ್ರಿ. ನೀವು, ಹೌದು ನೀವೇ, ಮಾತು ಬ್ಯಾಡ. ಈ ಕಡೆ ನೋಡ್ರಿ. ಪರೀಕ್ಷಾಕ ಬರ್ತದ." ಹೇಳುತ್ತಾ ಇಲ್ಲದ ಕನ್ನಡಕವನ್ನು ಒಂದು ಬೆರಳಿನಿಂದ ಮೂಗಿನ ಮೇಲೆ ತಳ್ಳಿಕೊಂಡರು. ನಾನು ದಿನಾ ಹಾಗೇ ತಳ್ಳಿಕೊಳ್ಳುತ್ತೇನೆ. ಮಲ್ಲಣ್ಣ, ಅತ್ತಿಗೆ, ಮಂಜುಳಾ, ಅಯ್ಯನವರು ಸಹ, ಎಲ್ಲರೂ ನಕ್ಕರು. ಕ್ಯಾಮೆರಾದ ಹಿಂದೆ, ಬ್ಯಾಟರಿ ನೋಡುತ್ತಾ ನಿಂತವಳು ನಾನೊಬ್ಬಳೇ.

ಕನ್ನಡಕದ ತನಕ ಹೋಗಿದ್ದ ನನ್ನ ಬೆರಳನ್ನು ಕೆಳಗಿಳಿಸಿದೆ. ಆ ನಗೆ ಅಷ್ಟು ದಿನ ಅಲ್ಲಿ ಇಲ್ಲಿ ತಿರುಗಿ, ಕಡೆಗೆ ತನ್ನ ಮನೆಗೆ ಬಂದು ಮುಟ್ಟಿತ್ತು. ಮುಂದೆ ಈರಮ್ಮ ಏಳುತ್ತಾಳೆ, ತುಟಿ ಮುಚ್ಚುತ್ತಾಳೆ, ಮನೆಯೆಲ್ಲ ಕಾಯುತ್ತದೆ. ಆ ಸಣ್ಣ ಗುಂಯ್ ಬಿಟ್ಟರೆ ಒಂದು ಬಳೆಯೂ ಅಲುಗುವುದಿಲ್ಲ. ಆಮೇಲೆ "ಮಂಜುಳಾ" ಹೊರಗೆ ಬಂತು. ಆಕೆ ಹೇಳಿದ ನಾಲ್ಕು ಮಾತು ಪೂರ್ತಿ ಕೇಳಿಸಿದವು.

ಈರಮ್ಮ ನನ್ನ ಕಡೆ ತಿರುಗಿದಳು. ಬಹಳ ದಿನದ ಮೇಲೆ ಒಬ್ಬರನ್ನು ಗುರುತು ಹಿಡಿದವರಂತೆ ನೋಡಿದಳು.

"ಹೆಂಗ ಅನಸ್ತದ್ರಿ?" ಅಂತ ಕೇಳಿದಳು. ಚುಚ್ಚುವುದಕ್ಕೆ ಕೇಳಿದ್ದಲ್ಲ, ಖರೇ ತಿಳಿದುಕೊಳ್ಳಲು ಕೇಳಿದಳು.

"ಎದ್ದು ಎಲ್ಲ್ಯರ ಹೋಗಿಬಿಡಬೇಕು ಅನಸ್ತದ" ಅಂದೆ.

"ಹೌದು. ಹಂಗೇ ಇರ್ತದ."

ಆ ಭಾಗ ಕತ್ತರಿಸಿ ಹಾಕುತ್ತೇನೆ ಅಂದೆ. ಆಕೆ ಒಪ್ಪಲಿಲ್ಲ. "ತಗದ್ರ ಮತ್ತ ಯಾರರ ಶಕ್ ಪಡ್ತಾರ. ಇರ್ಲಿ ಬಿಡ್ರಿ" ಅಂದಳು. ಹೊರಡುವಾಗ ನಾಲ್ಕು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಮದುವೆಗೆ ಬರುತ್ತೇನೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ವಿಶ್ವ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಾಗ, "ಬರ್ತಾಳ್ರಿ ಮೇಡಂ, ಪುಂಡಿಪಲ್ಯ ಕೊಟ್ಟಾಳಂದ್ರ ಬರ್ತಾಳ" ಅಂದ. ನನಗೆ ಅದರ ಮೇಲೂ ಪೂರ್ತಿ ಭರವಸೆ ಇರಲಿಲ್ಲ.

ಮನೆಗೆ ಬಂದೆ. ನಮ್ಮ ಯಜಮಾನರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕುಳಿತಿದ್ದರು. ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತೆ.

"ನಿಶ್ಚಯದ ದಿನ ಮೂಲ್ಯಾಗ ನಿಂತು ಏನೋ ಅನ್ನಾಕತ್ತಿದ್ರಿ. ಏನದು?"

ಪೇಪರ್ ಕೆಳಗಿಳಿಯಲಿಲ್ಲ. "ನೀನೇ ಹೇಳಿದ್ದೆಲ್ಲ. ಮಂತ್ರ."

"ಪರೀಕ್ಷಾಕ ಬರೋ ಮಂತ್ರ ಏನ್ರಿ?"

ಪೇಪರಿನ ಒಂದು ಹಾಳೆ ತಿರುವಿದರು. ಆಮೇಲೆ ಬಹಳ ಶಾಂತವಾಗಿ, "ನಿನ್ನ ವಿಡಿಯೊದಾಗ ದನಿ ಹಿಂದ ಮುಂದ ಆಗ್ತದಂತ ಊರಿಗೆಲ್ಲ ನೀನ ಹೇಳಿ ಬಂದಿ. ಯಾರ ದನೀನೋ ತಂದು ನನ್ನ ತುಟಿಗೆ ಹಚ್ಚಿರ್ತದ" ಅಂದರು. ಪೇಪರ್ ಅಡ್ಡ ಇದ್ದದ್ದರಿಂದ ತುಟಿ ಕಾಣಲಿಲ್ಲ. ಬೇಕೆಂತಲೇ ಅಡ್ಡ ಹಿಡಿದಿದ್ದರು ಅಂತ ನನ್ನ ಶಕ್ಕು.

ಮದುವೆ ಸುರಪುರದಲ್ಲೇ ಆಯಿತು. ಈರಮ್ಮ ಹಿಂದಿನ ದಿನವೇ ಬಂದಳು, ತನ್ನ ರೊಟ್ಟಿ ಬಡಿಯುವ ಹಲಗೆ, ಹೆಂಚು ಸಮೇತ. ಅಡುಗೆಯವರ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮತ್ತೆ ಮಾತಾಡುತ್ತೇನೆ ಅಂದಳು, ಆದರೆ ಒಂದು ಕರಾರು ಹಾಕಿದಳು. ತಾನು ಮಾತಾಡುವಾಗ ಯಾರೂ ಫೋನು ಹೊರಗೆ ತೆಗೆಯಬಾರದು. ಟೀಚರಮ್ಮ ಮೊದಲು.

ಎಲ್ಲರೂ ಫೋನು ಒಳಗಿಟ್ಟರು. ಆಕೆ ಮಂಟಪದ ಅಂಚಿಗೆ ಬಂದು ನಿಂತು, ಮಂಜುಳಾಳ ತಲೆಯ ಮೇಲೆ ಕೈಯಿಟ್ಟಳು. "ಮ"ದ ಮೇಲೆ ತುಟಿ ಮುಚ್ಚಿದವು. ಆಕೆಯ ತಂಗಿ, ಅಂದರೆ ವಿಶ್ವನ ತಾಯಿ, ತಡೆಯಲಾಗದೆ ಹೆಸರು ತಾನೇ ಹೇಳಿಕೊಡಲು ಹೋದಳು. ಈರಮ್ಮ ಅಂಗೈ ಎತ್ತಿ ತಡೆದಳು. ಅಷ್ಟು ಮಂದಿ ಕೂಡಿದ ಮನೆಯಲ್ಲಿ ಒಂದು ಕೂಸು ಅತ್ತಿತು, ಯಾರೋ ಅದನ್ನು ಹೊರಗೆ ಒಯ್ದರು. ಆಕೆ ಅವಸರ ಮಾಡಲಿಲ್ಲ. ಹೆಸರು ಬಂತು, ಅದರ ಹಿಂದೆ ಉಳಿದ ಮಾತೂ ಬಂದವು. ಏನು ಹೇಳಿದಳು ಅಂತ ನನ್ನನ್ನು ಕೇಳಬೇಡಿ, ಮಂಜುಳಾಳನ್ನು ಕೇಳಿ. ನಾನು ಮಾತು ಕೇಳಲಿಲ್ಲ, ಆಕೆಯ ತುಟಿ ನೋಡುತ್ತಾ ನಿಂತಿದ್ದೆ.

ಮಾತು ಮುಗಿಸಿದವಳು ಸೀದಾ ನನ್ನ ಹತ್ತಿರ ಬಂದಳು.

"ಫೋನ್ ಎಲ್ಲಿ?"

ಚೀಲದಿಂದ ತೆಗೆದು ತೋರಿಸಿದೆ. ಆರಿಸಿಟ್ಟಿದ್ದೆ. ಆಕೆ ಅದನ್ನು ಕೈಗೆ ತೆಗೆದುಕೊಂಡು, ಮಗ್ಗುಲ ಗುಂಡಿ ಒತ್ತಿ, ತಿರುಗಿಸಿ, ಕಿವಿಗೆ ಹಿಡಿದು ನೋಡಿದಳು. ಪರದೆ ಕಪ್ಪಗಿತ್ತು. ನನ್ನ ಮುಖ ನೋಡಿದಳು, ಮತ್ತೆ ಫೋನು ನೋಡಿದಳು.

"ಊಟ ಆಗ್ಲಿ, ಕೊಡ್ತೀನಿ" ಅಂದು, ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ನನ್ನ ಕೈ ಹಿಡಿದು ಪಂಕ್ತಿಯಲ್ಲಿ ತನ್ನ ಮಗ್ಗುಲಿಗೆ ಕೂಡಿಸಿಕೊಂಡಳು.